ಹೊಯ್ಸಳರ ನಾಡಿನಲ್ಲಿ: ಅರಸಿಯರು, ದಂಡನಾಯಕರು, ರೂವಾರಿಗಳು

ಹೊಯ್ಸಳರೆಂದೊಡನೆ ಮನಸ್ಸಿಗೆ ಬರುವುದು ಕಲ್ಲಿನ ಕುಸುರಿ. ಅದರ ಬೆನ್ನಿಗೇ ವಿಷ್ಣುವರ್ಧನ ಮತ್ತು ಶಾಂತಲೆಯರ ಹೆಸರು. ಆದರೆ ಸುಮಾರು ಮೂರು ಶತಮಾನಗಳ ಕಾಲ ಕನ್ನಡ ನಾಡಿನ ದಕ್ಷಿಣ ಭಾಗವನ್ನು ಆಳಿದ ಈ ಮನೆತನದ ಕಾಲದಲ್ಲಿ ಗುಡಿ ಬಸದಿಗಳನ್ನು ಕಟ್ಟಿಸಿದವರು ಯಾರು ಎಂದು ಶಾಸನಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಅರಸರಿಗಿಂತ ಹೆಚ್ಚಾಗಿ ಅರಸರ ಸುತ್ತಲಿನವರೇ ಎದುರಾಗುತ್ತಾರೆ: ದಂಡನಾಯಕ, ಭಂಡಾರಿ, ವರ್ತಕ, ಮಂತ್ರಿಯ ಹೆಂಡತಿ, ದಂಡನಾಯಕನ ತಾಯಿ. ಅವರಲ್ಲಿ ಕೆಲವರನ್ನಾದರೂ ಅವರವರ ಊರಿನಲ್ಲೇ, ಅವರೇ ಕೆತ್ತಿಸಿದ ಕಲ್ಲಿನ ಮುಂದೆ ನಿಂತು ನೋಡಬೇಕೆಂಬ ಆಸೆಯಿಂದ ಈ ಪ್ರವಾಸವನ್ನು ಹಮ್ಮಿಕೊಂಡೆ. ಜೊತೆಗೆ ಬಂದವರು ಹಳಗನ್ನಡ ಶಾಸನಗಳನ್ನು ಸರಾಗವಾಗಿ ಓದಬಲ್ಲ ನಿವೃತ್ತ ಕನ್ನಡ ಮೇಷ್ಟ್ರು. ಮಳೆ ನಿಂತು, ಚಳಿ ಇನ್ನೂ ಬಲಿಯದ ದಿನಗಳನ್ನು ಆರಿಸಿಕೊಂಡೆವು.

ಮೊದಲ ದಿನ: ಅಂಗಡಿ, ಬೇಲೂರು

ಹೊಯ್ಸಳರ ಮೂಲ ನೆಲೆಯೆಂದು ಹೇಳುವ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಪುಟ್ಟ ಊರು. ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಸಾಗಿದರೆ ವಾಸಂತಿಕಾ ದೇವಿಯ ಗುಡಿಯೂ, ಮರಗಳ ನೆರಳಿನಲ್ಲಿ ಹಳೆಯ ಬಸದಿಗಳೂ ಸಿಗುತ್ತವೆ. ಸುದತ್ತ ಮುನಿ ‘ಹೊಯ್ ಸಳ’ ಎಂದದ್ದು, ಸಳನು ಹುಲಿಯನ್ನು ಹೊಡೆದದ್ದು ಈ ದೇವಿಯ ಸನ್ನಿಧಿಯಲ್ಲೇ ಎಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಸಳನಿಗಿಂತ ನನಗೆ ಇಲ್ಲಿ ಹೆಚ್ಚು ಆಪ್ತನಾಗಿ ಕಂಡವನು ವಿನಯಾದಿತ್ಯ. ಚಾಲುಕ್ಯರ ಅಧೀನದಲ್ಲಿದ್ದ ಮಲೆನಾಡಿನ ಒಬ್ಬ ಒಡೆಯನಾಗಿ, ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆತನವನ್ನು ಗಟ್ಟಿಯಾಗಿ ನೆಲೆಗೊಳಿಸಿದವನು ಅವನೇ. ಅವನ ಗುರು ಶಾಂತಿದೇವರು 1062ರಲ್ಲಿ ಇಲ್ಲಿ ದೇಹ ಬಿಟ್ಟಾಗ ಅವರ ನೆನಪಿಗೆ ನಿಸಿದಿ ಕಲ್ಲನ್ನು ನಿಲ್ಲಿಸಲಾಯಿತು. ರಾಜ್ಯವೊಂದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಕುರುಹು ಕೋಟೆಯಾಗಲಿ ಅರಮನೆಯಾಗಲಿ ಅಲ್ಲ, ಗುರುವಿಗಾಗಿ ನೆಟ್ಟ ಒಂದು ಕಲ್ಲು ಎಂಬುದು ಮುಂದೆ ನಾವು ನೋಡಲಿದ್ದ ಎಲ್ಲದಕ್ಕೂ ಪೀಠಿಕೆಯಂತಿತ್ತು.

ಮಧ್ಯಾಹ್ನದ ಊಟದ ಹೊತ್ತಿಗೆ ಬೇಲೂರನ್ನು ಸೇರಿದೆವು. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು ‘ತಳಕಾಡುಗೊಂಡ’ ಎಂಬ ಬಿರುದು ಪಡೆದ ವಿಷ್ಣುವರ್ಧನನು ಮರುವರ್ಷವೇ, ಅಂದರೆ 1117ರಲ್ಲಿ, ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಅವನೇ ಇಂದಿನ ಚೆನ್ನಕೇಶವ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿ ಹೆಚ್ಚಿದೆ. ಗುಂಪು ಗುಂಪಾಗಿ ಬಂದವರು ದರ್ಪಣಸುಂದರಿಯ ಕೆಳಗೆ ನಿಂತು ‘ಇವಳೇ ಶಾಂತಲೆ’ ಎಂದು ಬೆರಳು ತೋರಿಸುತ್ತಿದ್ದರು. ಯಾವ ಶಾಸನವೂ ಹಾಗೆನ್ನುವುದಿಲ್ಲ. ಆದರೆ ಶಾಂತಲೆ ನಿಜವಾಗಿಯೂ ಕೈಯಿಟ್ಟ ಕೆಲಸ ಅಲ್ಲಿಂದ ಕೂಗಳತೆಯ ದೂರದಲ್ಲಿದೆ. ಅದೇ ಪ್ರಾಕಾರದೊಳಗಿನ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ಅವಳು. ನಾವು ಅಲ್ಲಿ ಕಳೆದಷ್ಟು ಹೊತ್ತಿನಲ್ಲಿ ಒಳಗೆ ಬಂದವರು ನಾಲ್ಕಾರು ಮಂದಿ ಮಾತ್ರ. ಅರಸಿಯನ್ನು ಕಲ್ಪನೆಯ ಮುಖದಲ್ಲಿ ಹುಡುಕುವುದಕ್ಕಿಂತ ಅವಳು ಕಟ್ಟಿಸಿದ ಮನೆಯಲ್ಲಿ ಹುಡುಕುವುದು ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಚೆನ್ನಕೇಶವನ ಗುಡಿಯಲ್ಲಿ ಅರಸನನ್ನು ನೋಡಬೇಕೆನ್ನುವವರು ಪೂರ್ವದ ಬಾಗಿಲಿನ ಇಕ್ಕೆಲದ ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿಗಳ, ಮುಂದೆ ನಿಲ್ಲಬೇಕು. ಅಲ್ಲಿ ಒಡ್ಡೋಲಗದ ದೃಶ್ಯವಿದೆ: ನಡುವೆ ಕುಳಿತ ಅರಸ, ಪಕ್ಕದಲ್ಲಿ ಅರಸಿ, ಸುತ್ತ ಪರಿವಾರದವರು. ಆದರೆ ಹೆಸರುಗಳನ್ನು ಹುಡುಕುವವರು ತಲೆಯೆತ್ತಿ ಮದನಿಕೆಯರ ಪೀಠಗಳನ್ನು ನೋಡಬೇಕು. ಒಟ್ಟು 42 ಮದನಿಕೆಯರಲ್ಲಿ ಕೆಲವರ ಪಾದದ ಬುಡದಲ್ಲಿ ರೂವಾರಿಗಳ, ಅಂದರೆ ಶಿಲ್ಪಿಗಳ, ಅಂಕಿತಗಳಿವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಹೀಗೆ. ತಂದೆ ಮಕ್ಕಳಿಬ್ಬರೂ ಒಂದೇ ಗುಡಿಯ ಸೂರಿನಡಿ ಕೆಲಸ ಮಾಡಿ, ಇಬ್ಬರೂ ತಮ್ಮ ಹೆಸರನ್ನು ಬಿಟ್ಟು ಹೋಗಿದ್ದಾರೆ.

“ಜಕಣಾಚಾರಿಯ ಕಥೆ ಎಲ್ಲರಿಗೂ ಗೊತ್ತು. ಕಲ್ಲಿನ ಮೇಲೆ ಹೆಸರಿರುವ ದಾಸೋಜನ ಬಗ್ಗೆ ಕೇಳುವವರೇ ಇಲ್ಲ” ಎಂದು ಮೇಷ್ಟ್ರು ತುಸು ನೊಂದುಕೊಂಡರು. ಅವರ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಶಿಲ್ಪಿಯ ಹೆಸರು ಸಾಮಾನ್ಯವಾಗಿ ಉಳಿಯದ ಕಾಲದಲ್ಲಿ ಹೊಯ್ಸಳರ ರೂವಾರಿಗಳು ತಮ್ಮ ಊರು, ತಂದೆಯ ಹೆಸರು, ಬಿರುದುಗಳನ್ನೂ ಕೆತ್ತಿಕೊಂಡರು. ಅರಸರು ಅದಕ್ಕೆ ಅಡ್ಡಿಪಡಿಸಲಿಲ್ಲ. ಹೊರಗೆ ಬರುವಾಗ ಮಹಾದ್ವಾರದ ಗೋಪುರವನ್ನೊಮ್ಮೆ ತಿರುಗಿ ನೋಡಿದೆವು. ಅದು ಹೊಯ್ಸಳರದಲ್ಲ, ಹಾಳಾಗಿದ್ದ ಬಾಗಿಲನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದನು.

ಎರಡನೆಯ ದಿನ: ದೊಡ್ಡಗದ್ದವಳ್ಳಿ, ಹಳೇಬೀಡು

ಬೆಳಗ್ಗೆ ಹಾಸನದ ಕಡೆಗೆ ಹೊರಟು, ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿ ದೊಡ್ಡಗದ್ದವಳ್ಳಿಯ ಕೆರೆಯಂಚಿಗೆ ಬಂದೆವು. ಬೇಲೂರಿನ ಗುಡಿಗಿಂತಲೂ ಮುಂಚೆ, ಸುಮಾರು 1113ರಲ್ಲಿ, ಈ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ನೆನೆದು ಇದನ್ನು ‘ಅಭಿನವ ಕೊಲ್ಲಾಪುರ’ ಎಂದು ಕರೆದರು. ನಾಲ್ಕು ಗರ್ಭಗುಡಿಗಳು ಒಂದೇ ನಡುಮನೆಗೆ ತೆರೆದುಕೊಳ್ಳುವ ಇಂಥ ಚತುಷ್ಕೂಟವು ಹೊಯ್ಸಳರ ಕಟ್ಟಡಗಳಲ್ಲಿ ಬಹಳ ಅಪರೂಪ. ಕಾಳಿಯ ಗರ್ಭಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬುಗಳು ಒಂದೊಂದಾಗಿ ಎಣಿಸುವಂತಿವೆ. ಹೊಟ್ಟೆ ಬೆನ್ನಿಗೆ ಅಂಟಿದೆ, ಬಾಯಿ ಅಗಲವಾಗಿ ತೆರೆದಿದೆ. ಒಂದೆಡೆ ಸಂಪತ್ತಿನ ದೇವಿ, ಇನ್ನೊಂದೆಡೆ ಹಸಿವೇ ಮೈತಾಳಿದಂಥ ಈ ಕಾವಲುಗಾರರು. ವ್ಯಾಪಾರದಲ್ಲಿ ಏಳುಬೀಳು ಕಂಡ ದಂಪತಿಗಳು ಇವೆರಡನ್ನೂ ಒಂದೇ ಸೂರಿನಡಿ ಇರಿಸಲು ಒಪ್ಪಿದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು.

ಅಲ್ಲಿಂದ ಹಳೇಬೀಡು, ಅಂದರೆ ದೋರಸಮುದ್ರ. ರಾಜಧಾನಿಯ ಹೊಯ್ಸಳೇಶ್ವರ ದೇವಾಲಯಕ್ಕೆ ಅರಸನ ಹೆಸರಿದ್ದರೂ ಅದನ್ನು ಮಾಡಿಸುವ ಹೊಣೆ ಹೊತ್ತವನು ಅಧಿಕಾರಿ ಕೇತಮಲ್ಲ. ಕಟ್ಟಡ ಆರಂಭವಾದದ್ದು ಸುಮಾರು 1121ರಲ್ಲಿ. ಅರಸ ಹಾಗೂ ಅರಸಿಯರ ಹೆಸರಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಲಿಂಗಗಳು, ಎದುರಿಗೆ ಎರಡು ನಂದಿಗಳು. ಭಿತ್ತಿಯ ಶಿಲ್ಪಗಳ ಬಗ್ಗೆ ಬರೆದವರು ಬಹಳ ಮಂದಿಯಿರುವುದರಿಂದ ಅದನ್ನು ಬಿಟ್ಟು ನೇರವಾಗಿ ಗುಡಿಯ ಬಳಿ ಒಂಟಿಯಾಗಿ ನಿಂತಿರುವ ಗರುಡಗಂಬದ ಕಡೆಗೆ ಹೋದೆವು.

ಅದು ಕುವರ ಲಕ್ಷ್ಮನ ಕಂಬ. ಇಮ್ಮಡಿ ಬಲ್ಲಾಳನ ದಂಡನಾಯಕನೂ ಅಂಗರಕ್ಷಕನೂ ಆಗಿದ್ದ ಅವನು ಒಡೆಯನ ಗರುಡನೆಂದು ವ್ರತ ತೊಟ್ಟವನು. ಒಡೆಯ ಸತ್ತರೆ ತಾನೂ ಉಳಿಯಬಾರದೆಂಬುದು ಆ ವ್ರತ. 1220ರಲ್ಲಿ ಬಲ್ಲಾಳನು ಕಾಲವಾದಾಗ ಲಕ್ಷ್ಮನು, ಅವನ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರು ಪ್ರಾಣ ಕೊಟ್ಟರೆಂದು ಶಾಸನ ಸಾರುತ್ತದೆ. ಕಂಬದ ಮೇಲೆ ಸುತ್ತಲೂ ಯೋಧರ ಸಣ್ಣ ಸಣ್ಣ ಉಬ್ಬುಶಿಲ್ಪಗಳಿವೆ; ತಮ್ಮ ತಲೆಯನ್ನು ತಾವೇ ಕತ್ತಿಯಿಂದ ಕತ್ತರಿಸಿಕೊಳ್ಳುತ್ತಿರುವವರನ್ನು ಶಿಲ್ಪಿ ಯಾವ ಮುಚ್ಚುಮರೆಯೂ ಇಲ್ಲದೆ ಕಡೆದಿದ್ದಾನೆ. ಈ ನಿಷ್ಠೆಯನ್ನು ಕೊಂಡಾಡುವವರು ಇದ್ದಾರೆ. ನನಗೆ ಆ ಕಂಬದ ಮುಂದೆ ಮೈ ನಡುಗಿತು. ಸುಗ್ಗಲದೇವಿಗೆ ಬೇರೆ ದಾರಿ ಇತ್ತೇ, ಆ ಸಾವಿರ ಜನರ ಮನೆಗಳಲ್ಲಿ ಉಳಿದವರು ಯಾರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಆದರೂ ಆ ಜನರ ಹೆಸರು ಅಳಿಯಬಾರದೆಂದು ಇದನ್ನು ಕೆತ್ತಿಸಿದರಲ್ಲ, ಅದಕ್ಕೆ ತಲೆಬಾಗಿದೆ.

ಅದೇ ಬಲ್ಲಾಳನ ಹೆಸರನ್ನು ಬೇರೊಂದು ಬೆಳಕಿನಲ್ಲಿ ನೋಡಬೇಕಾದರೆ ಕೇದಾರೇಶ್ವರಕ್ಕೆ ಹೋಗಬೇಕು. ಅವನೂ ಅವನ ಕಿರಿಯ ರಾಣಿ ಅಭಿನವ ಕೇತಲದೇವಿಯೂ ಸೇರಿ 1219ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಅರಸನ ಬದುಕಿನ ಕೊನೆಯ ವರ್ಷಗಳ ಕೆಲಸ. ಗುಡಿ ಹಳೆಯದಾಗಿ ಕುಸಿದು ಬಹಳಷ್ಟು ಕಳೆದುಕೊಂಡಿದ್ದರೂ ಭಿತ್ತಿಯ ಕೆಳಗಿನ ಪಟ್ಟಿಕೆಗಳು ಇಂದಿಗೂ ಚೆನ್ನಾಗಿವೆ.

ಸಂಜೆ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕುಳಿತೆವು. ಪ್ರವಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದ ಜಾಗವಿದು. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು ತೀರಿಕೊಂಡಾಗ ಅವನ ಮಗ ಬೊಪ್ಪನು 1133ರಲ್ಲಿ ತಂದೆಯ ಬಿರುದಾದ ‘ದ್ರೋಹಘರಟ್ಟ’ದ ಹೆಸರಿನಲ್ಲೇ ಈ ಜಿನಾಲಯವನ್ನು ಕಟ್ಟಿಸಿದನು. ಒಳಗಿನ ಕಂಬಗಳನ್ನು ಕಡೆದು ನುಣುಪುಗೊಳಿಸಿದ ಬಗೆಗೆ ಇಂದಿಗೂ ಸಾಟಿಯಿಲ್ಲ. ಹತ್ತಿರ ನಿಂತರೆ ಕಪ್ಪುಕಲ್ಲಿನಲ್ಲಿ ನಮ್ಮದೇ ಪ್ರತಿಬಿಂಬ ಒಂದಲ್ಲ, ಹಲವಾಗಿ, ಕೆಲವು ಉದ್ದವಾಗಿ ಕೆಲವು ತಲೆಕೆಳಗಾಗಿ ಕಾಣಿಸುತ್ತದೆ.

ಇಲ್ಲಿನ ಶಾಸನದಲ್ಲಿ ಎರಡು ವಿಷಯಗಳಿವೆ. ಒಂದು, ಗಂಗರಾಜನ ಏಳು ನರಕಗಳು: ನುಡಿದು ತಪ್ಪುವುದು, ಯುದ್ಧದಲ್ಲಿ ಹೆದರುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿ ಬಂದವರನ್ನು ತಣಿಸದಿರುವುದು, ಜೊತೆಗಿರಬೇಕಾದವರನ್ನು ತೊರೆಯುವುದು, ಒಡೆಯನಿಗೆ ದ್ರೋಹ ಬಗೆಯುವುದು. ಲೋಕದ ನರಕಗಳ ಎಣಿಕೆಯನ್ನು ಬದಿಗಿಟ್ಟು, ನಡತೆಯ ತಪ್ಪುಗಳನ್ನೇ ನರಕವೆಂದು ಭಾವಿಸಿದ ಸೇನಾನಿಯೊಬ್ಬನ ಚಿತ್ರ ಇದು. ಎರಡನೆಯದು ಒಂದು ಘಟನೆ. ಪ್ರತಿಷ್ಠೆಯ ಪ್ರಸಾದವನ್ನು ಹಿಡಿದು ಇಂದ್ರರು, ಅಂದರೆ ಬಸದಿಯ ಅರ್ಚಕರು, ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಅರಸನ ಬಳಿಗೆ ಹೋದರು. ಶತ್ರುವಾದ ಮಸಣನ ಮೇಲೆ ಗೆಲುವು ಸಿಕ್ಕಿದ್ದ, ರಾಣಿ ಲಕ್ಷ್ಮೀದೇವಿ ಗಂಡುಮಗುವನ್ನು ಹೆತ್ತಿದ್ದ ಸಮಯ ಅದು. ವಿಷ್ಣುವರ್ಧನನು ಸಿಂಹಾಸನದಿಂದ ಎದ್ದು ಗಂಧೋದಕವನ್ನು ತೆಗೆದುಕೊಂಡು, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ವಿಷ್ಣುವಿನ ಭಕ್ತನಾದ ಮೇಲೆ ವಿಷ್ಣುವರ್ಧನನು ಜೈನರನ್ನು ದೂರವಿಟ್ಟನೆಂದು ಹೇಳುವವರು ಈ ಕಲ್ಲನ್ನು ಒಮ್ಮೆ ಓದಬೇಕು. ಸಾಧಾರಣವಾಗಿ ನಿಧಾನವಾಗಿ ಓದುವ ಮೇಷ್ಟ್ರು ಈ ಭಾಗವನ್ನು ಮಾತ್ರ ಸಂತೋಷದಿಂದ ಗಟ್ಟಿಯಾಗಿ ಓದಿದರು.

ಈ ರಾಜಧಾನಿಗೆ 1311ರಲ್ಲಿ ಮಲಿಕ್ ಕಾಫೂರನ ಸೇನೆ ನುಗ್ಗಿತು. ಅನಂತರವೂ ಮೂರನೆಯ ಬಲ್ಲಾಳನು ಮೂವತ್ತು ವರ್ಷ ಕುಗ್ಗದೆ ರಾಜ್ಯವನ್ನು ಹಿಡಿದುಕೊಂಡು, ತಿರುವಣ್ಣಾಮಲೈಯಲ್ಲಿ ನೆಲೆನಿಂತು ಮದುರೆಯ ಸುಲ್ತಾನರೊಡನೆ ಹೋರಾಡಿ, ಇಳಿವಯಸ್ಸಿನಲ್ಲಿ ಸೆರೆಸಿಕ್ಕಿ ಹತನಾದನು. ಅವನ ಅಂತ್ಯದ ದಾರುಣ ವಿವರಗಳನ್ನು ಪ್ರವಾಸಿ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಹಳೇಬೀಡಿನಲ್ಲಿ ಆ ಅರಸನನ್ನು ನೆನೆಯುವವರು ಕಡಿಮೆ, ನೆನೆಯಬೇಕಾದವನು.

ಮೂರನೆಯ ದಿನ: ಅಮೃತಾಪುರ

ಬೆಳವಾಡಿಯ ವೀರನಾರಾಯಣನನ್ನು ನೋಡಿಕೊಂಡು, ಜಾವಗಲ್, ಬಾಣಾವರ, ಕಡೂರುಗಳ ಮೂಲಕ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಬಂದೆವು. ತೆಂಗು ಅಡಿಕೆಯ ತೋಟಗಳ ನಡುವೆ ಶಾಂತವಾಗಿ ಕುಳಿತಿರುವ ಅಮೃತೇಶ್ವರ ದೇವಾಲಯವನ್ನು ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಮುಂದೆ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮನು ತನ್ನ ಕೆಲಸವನ್ನು ಆರಂಭಿಸಿದ್ದು ಇಲ್ಲಿನ ಮಂಟಪದ ಭುವನೇಶ್ವರಿಗಳಿಂದ, ಅಂದರೆ ಕೆತ್ತನೆಯ ಒಳಛಾವಣಿಗಳಿಂದ, ಎಂಬುದು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಒಬ್ಬ ಮನುಷ್ಯನ ಇಡೀ ಆಯುಷ್ಯದ ಕೈಕೆಲಸವನ್ನು ನಾವು ಎರಡು ಊರುಗಳಲ್ಲಿ ಹೋಲಿಸಿ ನೋಡಬಹುದು.

ಈ ಊರಿನ ಇನ್ನೊಂದು ಸಂಪತ್ತು ಜನ್ನ. ಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ, 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದ ಕವಿ, ಅದಕ್ಕೂ ಮುನ್ನ ಈ ಗುಡಿಯ ಶಾಸನಕ್ಕೆ ಪದ್ಯ ಬರೆದನು. ಜೈನ ಕವಿಯೊಬ್ಬನು ಶಿವಾಲಯದ ಶಾಸನಕ್ಕೆ ಮನಸಾರೆ ಪದ್ಯ ಕಟ್ಟಿದ್ದು, ಅದನ್ನು ಶೈವ ದಂಡನಾಯಕನು ಹೆಮ್ಮೆಯಿಂದ ಗುಡಿಯ ಅಂಗಳದಲ್ಲಿ ನಿಲ್ಲಿಸಿದ್ದು ಆ ಕಾಲಕ್ಕೆ ಸಹಜವಾದ ನಡವಳಿಕೆ. ಎತ್ತರದ ಆ ಬಂಡೆಯ ಮುಂದೆ ಬಿಸಿಲು ಏರುವವರೆಗೂ ನಿಂತೆವು. ಅಕ್ಷರಗಳು ಒಂದೇ ಅಳತೆಯಲ್ಲಿ, ಮುತ್ತು ಪೋಣಿಸಿದಷ್ಟು ಅಚ್ಚುಕಟ್ಟಾಗಿವೆ. ಕಾವ್ಯವನ್ನು ಅಚ್ಚಿನ ಪುಸ್ತಕದಲ್ಲಿ ಮಾತ್ರ ಕಂಡಿದ್ದ ನನಗೆ, ಕವಿ ಬದುಕಿದ್ದ ಕಾಲದಲ್ಲೇ ಕೆತ್ತಿದ ಅವನ ಸಾಲುಗಳ ಮೇಲೆ ಕಣ್ಣಾಡಿಸಿದ್ದು ದೊಡ್ಡ ಭಾಗ್ಯ. ರಾತ್ರಿ ಅರಸೀಕೆರೆಯಲ್ಲಿ ತಂಗಿದೆವು.

ನಾಲ್ಕನೆಯ ದಿನ: ಶ್ರವಣಬೆಳಗೊಳ

ಬಿಸಿಲೇರುವ ಮುನ್ನ ದೊಡ್ಡಬೆಟ್ಟವನ್ನು ಹತ್ತಿದೆವು. ಗೊಮ್ಮಟನ ಪಾದದ ಬಳಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಸಾಲನ್ನು ಎಲ್ಲರೂ ತೋರಿಸುತ್ತಾರೆ. ಅದು ಗಂಗರ ಕಾಲದ ಸಾಧನೆ. ಅದರ ಜೊತೆಯಲ್ಲೇ ಗಂಗರಾಜನು ಸುತ್ತಾಲಯವನ್ನು ಮಾಡಿಸಿದನೆಂಬ ಸಾಲೂ ಇದೆ. ಮೂರ್ತಿಯ ಸುತ್ತಲಿನ ಮೊಗಸಾಲೆ ಅವನದು. ಬೃಹತ್ತಾದ ಕೆಲಸವೊಂದನ್ನು ಬೇರೆಯವರು ಮಾಡಿ ಮುಗಿಸಿದ್ದಾಗ, ಅದಕ್ಕೆ ನೆರಳಾಗಿ ಏನನ್ನಾದರೂ ಕಟ್ಟಿ ಅಷ್ಟೇ ಚಿಕ್ಕ ಮಾತಿನಲ್ಲಿ ಹೇಳಿಕೊಂಡವನು ಗಂಗರಾಜ.

ಮಧ್ಯಾಹ್ನದ ಮೇಲೆ ಚಿಕ್ಕಬೆಟ್ಟ. ಹೊಯ್ಸಳರ ಮನೆಮಾತುಗಳು ಕೇಳಿಸುವುದು ಇಲ್ಲಿ. ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ್ದು ಕತ್ತಲೆ ಬಸದಿ. ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದವಳು ಅವನ ಹೆಂಡತಿ ಲಕ್ಷ್ಮಿ. ಶಾಸನ ಬಸದಿಯ ಬಾಗಿಲ ಬಳಿಯ ಕಲ್ಲು ಹೇಳುವುದನ್ನು ಕೇಳಿ: ಕಣ್ಣೆಗಾಲದಲ್ಲಿ ಚಾಲುಕ್ಯರ ದಂಡಿನ ಮೇಲೆ ರಾತ್ರಿ ಎರಗಿ ಗೆದ್ದ ಗಂಗರಾಜನಿಗೆ ಅರಸನು ಮೆಚ್ಚಿದೆ, ಬೇಡಿಕೋ ಎಂದನು. ಅವನು ಬೇಡಿದ್ದು ಪರಮ ಎಂಬ ಊರನ್ನು. ಅದನ್ನು ತಾಯಿ ಮತ್ತು ಹೆಂಡತಿ ಮಾಡಿಸಿದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು. ಆ ಇಬ್ಬರೂ ತೀರಿಕೊಂಡಾಗ ಇದೇ ಬೆಟ್ಟದಲ್ಲಿ ನಿಸಿದಿಗಳನ್ನು ನಿಲ್ಲಿಸಿದವನೂ ಅವನೇ.

ಸವತಿಗಂಧವಾರಣ ಬಸದಿಯನ್ನು ಶಾಂತಲೆ 1123ರಲ್ಲಿ ಶಾಂತಿನಾಥನಿಗಾಗಿ ಕಟ್ಟಿಸಿದಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುಭಕ್ತ. ಅವಳ ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಶಾಸನವು ಅವಳನ್ನು ಅಭಿನವ ರುಕ್ಮಿಣಿ, ವಿವೇಕೈಕ ಬೃಹಸ್ಪತಿ, ಪ್ರತ್ಯುತ್ಪನ್ನ ವಾಚಸ್ಪತಿ ಎಂದೆಲ್ಲ ಹೊಗಳುತ್ತದೆ. ರೂಪಕ್ಕಿಂತ ಬುದ್ಧಿಗೂ ಸಮಯಕ್ಕೆ ತಕ್ಕ ಮಾತಿಗೂ ಸಂದ ಹೊಗಳಿಕೆ ಇದು. ಬೇಲೂರಿನಲ್ಲಿ ಕನ್ನಡಿ ಹಿಡಿದವಳಲ್ಲಿ ಅವಳನ್ನು ಹುಡುಕುತ್ತಿದ್ದವರನ್ನು ಇಲ್ಲಿಗೆ ಕರೆತರಬೇಕು ಎನ್ನಿಸಿತು.

ಹತ್ತಿರದ ಮಂಟಪದ ಕಂಬದ ಮೇಲೆ ಅವಳ ಮರಣದ ಶಾಸನವಿದೆ. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ, ಅಂದರೆ ದೇಹ ಬಿಟ್ಟು, ಸ್ವರ್ಗಸ್ಥಳಾದಳೆಂದು ಹೇಳಿ, ಅದು ತಾಯಿಯ ಕಡೆಗೆ ತಿರುಗುತ್ತದೆ. ಅರಸಿಯೇ ಹೋದಳು, ಇನ್ನು ನಾವು ಇರಲಾರೆವೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಮೇಷ್ಟ್ರು ಇದನ್ನು ಓದಿ ಮುಗಿಸಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಏನನ್ನೂ ಹೇಳಲಿಲ್ಲ.

ಊರೊಳಗೆ ಇನ್ನೆರಡು ಹೆಸರುಗಳಿದ್ದವು. ವಿಷ್ಣುವರ್ಧನನಿಂದ ಇಮ್ಮಡಿ ಬಲ್ಲಾಳನವರೆಗೆ ಮೂರು ತಲೆಮಾರಿನ ಅರಸರಿಗೆ ಸೇವೆ ಸಲ್ಲಿಸಿದ ಭಂಡಾರಿ ಹುಳ್ಳನು 1159ರಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಭಂಡಾರ ಬಸದಿಯನ್ನು ಕಟ್ಟಿಸಿದನು. ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಮೊದಲು ಚಾವುಂಡರಾಯ, ಆಮೇಲೆ ಗಂಗರಾಜ, ಆಮೇಲೆ ಹುಳ್ಳ ಎಂದು ಶಾಸನವೇ ಸಾಲು ಹಚ್ಚುತ್ತದೆ. ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ. ಗಂಡ ಶಿವಭಕ್ತನಾದ ಬ್ರಾಹ್ಮಣ, ಹೆಂಡತಿ ಜಿನಭಕ್ತೆ. ಬಸದಿಗೆ ಊರೊಂದನ್ನು ದತ್ತಿಯಾಗಿ ಬಿಡಬೇಕೆಂದು ಅರಸನನ್ನು ಬೇಡಿದವನು ಆ ಗಂಡನೇ.

ಕೊನೆಯ ದಿನ: ಶಿವಗಂಗೆ

ಬೆಂಗಳೂರಿಗೆ ಮರಳುವ ದಾರಿಯಲ್ಲಿ ಶಿವಗಂಗೆಯನ್ನು ಏರಿದೆವು. ಗಂಗಾಧರೇಶ್ವರ, ಹೊನ್ನಾದೇವಿಯರ ದರ್ಶನ ಮುಗಿಸಿ, ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲುಗಳಲ್ಲಿ ಕಬ್ಬಿಣದ ಕಂಬಿಗಳನ್ನು ಹಿಡಿದು ತುದಿಗೆ ಹೋದರೆ, ಪ್ರಪಾತದ ಅಂಚೊಂದನ್ನು ತೋರಿಸಿ ಶಾಂತಲೆ ಇಲ್ಲಿಂದ ಹಾರಿಕೊಂಡಳು ಎನ್ನುತ್ತಾರೆ. ಮಕ್ಕಳಿಲ್ಲದ ಕೊರಗಿನಿಂದ ಸತ್ತಳೆಂದೂ, ಅರಸನು ಇನ್ನೊಬ್ಬಳಿಂದ ಮಗನನ್ನು ಪಡೆಯಲೆಂದು ಸತ್ತಳೆಂದೂ ಕಥೆ ಬೆಳೆದಿದೆ. ಆ ದಿನವೂ ಒಬ್ಬ ತಾಯಿ ಮಗಳಿಗೆ ಅದನ್ನೇ ಹೇಳುತ್ತಿದ್ದರು. ಮೇಷ್ಟ್ರು ಅವರ ಬಳಿಗೆ ಹೋಗಿ, “ಅಮ್ಮಾ, ಬೆಳಗೊಳದ ಶಾಸನದಲ್ಲಿ ಹಾರಿದ ಮಾತಿಲ್ಲ. ಇಲ್ಲಿನ ತೀರ್ಥದಲ್ಲಿ ದೇಹ ಬಿಟ್ಟಳು ಅಂತಷ್ಟೇ ಇದೆ” ಎಂದರು. “ಹೌದಾ ಸಾರ್? ನಮಗೆ ಯಾರೂ ಹೇಳಿರಲಿಲ್ಲ” ಎಂದ ಆ ಹೆಂಗಸು, ಶಾಸನ ಎಲ್ಲಿದೆ, ಹೇಗೆ ಹೋಗಬೇಕು ಎಂದು ವಿಚಾರಿಸಿ ಮಗಳ ಮೊಬೈಲಿನಲ್ಲಿ ಬಸದಿಯ ಹೆಸರನ್ನು ಬರೆಸಿಕೊಂಡರು.

ಅಲ್ಲೇ ಬಂಡೆಯ ಮೇಲೆ ಕುಳಿತು ವರ್ಷಗಳನ್ನು ಜೋಡಿಸಿಕೊಂಡೆವು. ಶಾಂತಲೆ ಹೋದದ್ದು 1131ರಲ್ಲಿ. ಗಂಗರಾಜನ ನೆನಪಿನ ಬಸದಿ ಎದ್ದದ್ದು, ರಾಜಕುಮಾರ ನರಸಿಂಹ ಹುಟ್ಟಿದ್ದು ಎರಡೂ 1133ರ ಹೊತ್ತಿಗೆ. ತಲಕಾಡಿನ ಗೆಲುವಿನ ದಿನಗಳಿಂದ ಜೊತೆಗಿದ್ದ ಅರಸಿಯನ್ನೂ ದಂಡನಾಯಕನನ್ನೂ ಕಳೆದುಕೊಂಡಿದ್ದ ವಿಷ್ಣುವರ್ಧನನಿಗೆ ಬಂಕಾಪುರದ ಬೀಡಿನಲ್ಲಿ ಮಗನ ಸುದ್ದಿಯೂ, ಹಳೆಯ ಗೆಳೆಯನ ಹೆಸರಿನ ಬಸದಿಯ ಪ್ರಸಾದವೂ ಬಹುಮಟ್ಟಿಗೆ ಒಟ್ಟಿಗೇ ಬಂದು ತಲಪಿದವು. ಪ್ರಪಾತದ ಕಥೆಗಿಂತ ಕಲ್ಲಿನ ಮೇಲಿರುವ ಈ ಕಥೆಯೇ ನನಗೆ ಹೆಚ್ಚು ದೊಡ್ಡದು. ಶಿವಗಂಗೆಯ ತುದಿಯಲ್ಲಿ ಒಂದು ಫಲಕ ಹಾಕುವುದಾದರೆ ಅದರಲ್ಲಿ ಬೆಳಗೊಳದ ಆ ಕಂಬದ ಸಾಲುಗಳನ್ನೇ ಹೊಸಗನ್ನಡದ ಅರ್ಥದೊಡನೆ ಬರೆಯಿಸಬೇಕು. ಮಾಚಿಕಬ್ಬೆಯ ಹೆಸರೂ ಅದರಲ್ಲಿರಬೇಕು.